ಉದ್ದಣ್ಣನ ಮನೆಯಲ್ಲಿ ಉಳಿದ ಬಾರ್

ನಮ್ಮಣ್ಣ ತೀರಿಕೊಂಡು ಎರಡು ವರ್ಷವಾಯಿತು. ಮರ ಕಡಿಯುವುದು ಅವನ ಕಸುಬು. ಊಟ, ಬಟ್ಟೆ, ಮಳೆ, ಬಿಸಿಲು ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಮನುಷ್ಯ, ಒಂದು ಹಳೆಯ ಚೈನ್ ಗರಗಸಕ್ಕಾಗಿ ಏಳು ವರ್ಷ ಒದ್ದಾಡಿದ. ಜನ ಅದನ್ನು ಹುಚ್ಚು ಅಂದರು. ನಾನೂ ಅಂದೆ. ನಾನು ಅನ್ನಬಾರದಿತ್ತು.

ಆ ಗರಗಸವನ್ನು ಅಣ್ಣ ಮತ್ತು ಉದ್ದಣ್ಣ ಸೇರಿ ಕೊಂಡಿದ್ದರು. ಉದ್ದಣ್ಣ ಅಣ್ಣನ ಜೊತೆಗಾರ. ಯಾವ ಬಾಗಿಲಿಗೂ ತಲೆ ತಗ್ಗಿಸದೆ ಒಳಗೆ ಬರಲಾಗದ ಎತ್ತರ, ಅದಕ್ಕೇ ಆ ಹೆಸರು. ಜೋಡಿಯಾಗಿ ಮರ ಕಡಿಯುವವರಲ್ಲಿ ಆಗ ಒಂದು ಪದ್ಧತಿ ಇತ್ತು. ಸಂಜೆ ಕೆಲಸ ಮುಗಿದ ಮೇಲೆ ಗರಗಸ ಬಿಚ್ಚಿ, ಒಬ್ಬ ಇಂಜಿನ್ ಮನೆಗೆ ಒಯ್ಯಬೇಕು, ಇನ್ನೊಬ್ಬ ಬಾರ್ ಒಯ್ಯಬೇಕು. ಬಾರ್ ಎಂದರೆ ಮುಂದಕ್ಕೆ ಚಾಚಿಕೊಂಡಿರುವ ಉಕ್ಕಿನ ಪಟ್ಟಿ, ಚೈನು ಓಡುವುದು ಅದರ ಸುತ್ತಲೇ. ಅದಿಲ್ಲದ ಇಂಜಿನ್ ಬರೀ ಗದ್ದಲ. ಇಂಜಿನ್ ಇಲ್ಲದ ಬಾರ್ ಬರೀ ತಗಡು. ಒಬ್ಬನೇ ಕದ್ದುಮುಚ್ಚಿ ಕೆಲಸ ಹಿಡಿಯಬಾರದು ಎಂದು ಈ ಏರ್ಪಾಡು. ಇವರಿಬ್ಬರ ನಡುವೆ ಅಂಥ ಅನುಮಾನವೇನೂ ಇರಲಿಲ್ಲ, ಆದರೂ ಹತ್ತೊಂಬತ್ತು ವರ್ಷ ತಪ್ಪದೆ ನಡೆಸಿಕೊಂಡು ಬಂದರು. ಬೆಳಿಗ್ಗೆ ನಮ್ಮ ರಿಪೇರಿ ಅಂಗಡಿಯ ಮುಂದೆ ಸೇರುವುದು, ಎರಡು ಬೋಲ್ಟು ಬಿಗಿಯುವುದು, ಹೊರಡುವುದು. ನಮ್ಮವರು ಅಂಗಡಿಯಲ್ಲಿ ಮೆಕ್ಯಾನಿಕ್, ನಾನು ಗಲ್ಲಾದ ಹಿಂದೆ.

“ಹೊಸದಾಗಿ ಮದ್ವೆ ಆದೋರೂ ದಿನಾ ಬೆಳಿಗ್ಗೆ ಇಷ್ಟು ಖುಷಿಯಾಗಿ ಮುಖ ನೋಡ್ಕೊಳ್ಳಲ್ಲ ಬಿಡಿ,” ಎಂದು ನಾನು ರೇಗಿಸುತ್ತಿದ್ದೆ.

ಒಂದು ದಿನ ಶಾಲೆಯೊಂದರ ಅಂಗಳದಲ್ಲಿ ಒಣಗಿ ನಿಂತ ದೊಡ್ಡ ಮರ ಇಳಿಸಲು ಹೋದರು. ಉದ್ದಣ್ಣ ಕೊಯ್ಯುವುದು, ಅಣ್ಣ ಹಗ್ಗ ಎಳೆಯುವುದು. ಮರ ಬೀಳಬೇಕಾದ ಕಡೆ ಬೀಳಲಿಲ್ಲ, ಕಾಂಪೌಂಡಿನ ಮೇಲೆ ಮಲಗಿತು. ಮೂವತ್ತು ಅಡಿ ಗೋಡೆ ನೆಲಸಮ. ರಜಾ ದಿನವಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ನೀನು ಬೇಗ ಎಳೆದೆ ಎಂದು ಉದ್ದಣ್ಣ, ನೀನು ಸರಿಯಾಗಿ ಕೊಯ್ಯಲಿಲ್ಲ ಎಂದು ಅಣ್ಣ. ನೋಡುವವರ ಮುಂದೆ ಮಾತಿಗೆ ಮಾತು ಬೆಳೆದು ಇಬ್ಬರೂ ಬಾಯಿಗೆ ಬಂದಂತೆ ಬೈದಾಡಿಕೊಂಡರು. ಆದರೂ ಅಭ್ಯಾಸ ನೋಡಿ, ಸಂಜೆ ಆ ಸಿಟ್ಟಿನಲ್ಲೇ ಬೋಲ್ಟು ಬಿಚ್ಚಿದರು. ಅಣ್ಣ ಇಂಜಿನ್ ತಂದ, ಉದ್ದಣ್ಣ ಬಾರ್ ಒಯ್ದ. ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಯಾರೂ ಬರಲಿಲ್ಲ.

ಗೋಡೆಯನ್ನು ಅಣ್ಣ ಒಬ್ಬನೇ ಕಟ್ಟಿಕೊಟ್ಟ. ಒಂದೂವರೆ ತಿಂಗಳು. ಮಧ್ಯಾಹ್ನದ ಬುತ್ತಿ ಒಯ್ಯುತ್ತಿದ್ದವಳು ನಾನು. ಅವನ ಬೆರಳ ಸಂದಿಯಲ್ಲಿ ಸಿಮೆಂಟು ತಿಂದು ರಕ್ತ ಒಸರುವುದನ್ನು ನೋಡುವಾಗೆಲ್ಲ ನಾನು ಉದ್ದಣ್ಣನಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಆ ಮನುಷ್ಯ ಒಂದು ದಿನವೂ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಶುರುವಾಯಿತು ಬಾರಿನ ಹುಡುಕಾಟ. ದಿನದ ಕೆಲಸಕ್ಕೆ ಅಣ್ಣ ಹೊಸದೊಂದು ಹಗುರ ಗರಗಸ ಕೊಂಡಿದ್ದ. ಆದರೂ ಪ್ರತಿ ಶನಿವಾರ ಆ ಹಳೆಯ ಇಂಜಿನ್ನನ್ನು ಹೆಗಲ ಮೇಲೆ ಹೊತ್ತು ಅಂಗಡಿಗೆ ಬರುವನು. “ಉದ್ದಣ್ಣಂಗೆ ಅದು ಬರೀ ಕಬ್ಬಿಣ ಅಣ್ಣ, ನಿನಗ್ಯಾಕೆ ಈ ಹುಚ್ಚು,” ಎಂದು ನಾನು ಪ್ರತಿ ಸಲವೂ ಅನ್ನುತ್ತಿದ್ದೆ. ಗೊತ್ತಿಲ್ಲದವರು ಬಾರ್ ಅಂದರೆ ಉದ್ದ ಅಳೆದು ತಂದರಾಯಿತು ಅಂದುಕೊಳ್ಳುತ್ತಾರೆ. ಉದ್ದ ಬಿಡಿ, ಅದು ಕಡೆಯ ಮಾತು. ಬಾಲದ ಸೀಳು ಬೋಲ್ಟಿಗೆ ಕೂರಬೇಕು, ಅಂಚಿನ ಸಂದು ಚೈನಿನ ದಪ್ಪಕ್ಕೆ ಸರಿಯಿರಬೇಕು, ಇಂಜಿನ್ ಎಣ್ಣೆ ಉಗುಳುವ ಜಾಗಕ್ಕೇ ಬಾರಿನ ಎಣ್ಣೆ ತೂತು ಬರಬೇಕು. ಗರಗಸ ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ನಮ್ಮವರು ಹತ್ತಾರು ಕಡೆಯಿಂದ ತರಿಸಿದರು. ಒಂದರ ಸೀಳು ಅಗಲ, ಇನ್ನೊಂದರದು ಇಕ್ಕಟ್ಟು. ಒಂದು ಮಾತ್ರ ಹೇಳಿ ಮಾಡಿಸಿದ ಹಾಗೆ ಕೂತಿತು, ಆದರೆ ಎಣ್ಣೆ ತೂತು ಮೂರು ಮಿಲಿಮೀಟರ್ ಕೆಳಗೆ. ಓಡಿಸಿದ ಎರಡೇ ನಿಮಿಷಕ್ಕೆ ಚೈನು ಒಣಗಿ ಹೊಗೆ ಬಂತು.

“ಬೇರೆ ತೂತು ಕೊರೀತೀನಿ ಬಾವ, ಅದೇನು ಮಹಾ,” ಎಂದರು ನಮ್ಮವರು.

“ಬೇಡ ಬಿಡಿ, ಅದು ಇದರದ್ದಲ್ಲ,” ಎಂದ ಅಣ್ಣ.

ಹೊಂದಿಸಿದರೆ ಹೊಂದುತ್ತಿತ್ತು. ಅವನಿಗೆ ಹೊಂದುವುದು ಬೇಕಿರಲಿಲ್ಲ. ಅಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಮೂರನೆಯ ವರ್ಷ, ನಮ್ಮವರು ಹೊರಗೆ ಹೋಗಿದ್ದಾಗ, ಉದ್ದಣ್ಣ ಅಂಗಡಿಗೆ ಬಂದ. ಎಂದಿನಂತೆ ತಲೆ ತಗ್ಗಿಸಿ ಒಳಗೆ ಬಂದವನು ಮತ್ತೆ ತಲೆ ಎತ್ತಲಿಲ್ಲ. ಕಂಕುಳಲ್ಲಿ ಗೋಣಿಚೀಲ ಸುತ್ತಿದ ಒಂದು ವಸ್ತು. ಗಲ್ಲಾದ ಮೇಲಿಟ್ಟು ಬಿಚ್ಚಿದ. ಬಾರ್. ಮೂರು ವರ್ಷ ಮೂಲೆಯಲ್ಲಿದ್ದ ಕಬ್ಬಿಣದ ಮೇಲೆ ಒಂದು ಚುಕ್ಕೆ ತುಕ್ಕಿರಲಿಲ್ಲ. ಎಣ್ಣೆ ಸವರಿ ಸವರಿ ಇಟ್ಟಿದ್ದ.

“ಹುಡುಕ್ತಿದಾನಂತೆ. ಅವನಿಗೆ ಕೊಟ್ಬಿಡು ತಂಗಿ. ನಾನೇ ಕೊಡೋಣ ಅಂದ್ರೆ ಮುಖ ಇಲ್ಲ.”

ನನಗೆ ಅಣ್ಣನ ಬೆರಳುಗಳು ನೆನಪಾದವು. ಕೋಪ ಮೊದಲೇ ನನ್ನ ಮೂಗಿನ ತುದಿಯಲ್ಲಿ.

“ಗೋಡೆ ಕಟ್ಟೋವಾಗ ಎಲ್ಲಿತ್ತು ನಿಮ್ಮ ಮುಖ? ತಗೊಂಡು ಹೋಗಿ. ನೀವು ಮುಟ್ಟಿದ್ದನ್ನ ಅವನು ಕಾಲಲ್ಲೂ ಒದೆಯಲ್ಲ ಅಂತ ಹೇಳಿದಾನೆ.”

ಅಣ್ಣ ಹಾಗೆ ಹೇಳಿರಲೇ ಇಲ್ಲ. ಆ ಮಾತು ನನ್ನದು. ಉದ್ದಣ್ಣ ಗೋಣಿಚೀಲವನ್ನು ನಿಧಾನವಾಗಿ ಸುತ್ತಿಕೊಂಡು, “ಹಾಗಂದನಾ,” ಎಂದಷ್ಟೇ ಕೇಳಿ ಹೋದ. ಅವತ್ತು ನನಗೆ ಎಷ್ಟು ಸಮಾಧಾನವಾಗಿತ್ತು ಎಂದರೆ, ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಯಾರಿಗೂ ಹೇಳಲಿಲ್ಲ. ಮುಂದಿನ ಶನಿವಾರ ಅಣ್ಣ ಮತ್ತೆ ಇಂಜಿನ್ ಹೊತ್ತು ಬಂದಾಗ, “ಬಂತಪ್ಪಾ ಸವಾರಿ,” ಎಂದು ನಕ್ಕೆ.

ಏಳನೆಯ ವರ್ಷ ಅಣ್ಣನ ಎದೆ ಬಡಿತ ತಾಳ ತಪ್ಪಿತು. ಭಾರ ಎತ್ತಬಾರದು ಎಂದರು ಡಾಕ್ಟರು. ಅವತ್ತು ಅವನು ಇಂಜಿನ್ ಇಲ್ಲದೆ ಬರಿಗೈಯಲ್ಲಿ ಅಂಗಡಿಗೆ ಬಂದ.

“ನಡಿ, ಅವನ ಮನೆಗೆ ಹೋಗಿ ಬರೋಣ. ಒಬ್ನೇ ಹೋಗೋಕೆ ಒಂಥರಾ ಆಗುತ್ತೆ.”

ದಾರಿಯಲ್ಲಿ ಎರಡು ಕಡೆ ನಿಂತು ಉಸಿರು ತಗೊಂಡ. ಎರಡನೆಯ ಸಲ ನಿಂತಾಗ ಹೇಳಿದ: “ಬೇಗ ಎಳೆದಿದ್ದು ನಾನೇ ಕಣೇ. ಅವನು ಎಳಿ ಅಂತ ಕೈ ಎತ್ತೋಕೆ ಮೊದಲೇ ಎಳೆದ್ಬಿಟ್ಟೆ. ಅದಕ್ಕೇ ಗೋಡೆ ನಾನೇ ಕಟ್ಟಿದ್ದು. ಅವನ ಹತ್ರ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಇವತ್ತು ಹೇಳ್ಬಿಡ್ತೀನಿ.”

ನಾನು ಅವನಿಗಿಂತ ಎರಡು ಹೆಜ್ಜೆ ಹಿಂದೆ ಉಳಿದು ನಡೆದೆ.

ಉದ್ದಣ್ಣ ಹಿತ್ತಲಲ್ಲಿ ಸೌದೆ ಸೀಳುತ್ತಿದ್ದ. ಅಣ್ಣನನ್ನು ಕಂಡವನೇ ಎದ್ದು ನಿಂತ. ಮುಖದಲ್ಲಿ ನಗು ಬರಲೋ ಬೇಡವೋ ಎಂಬಂತಿತ್ತು. ಅಣ್ಣನ ಕಣ್ಣು ಮಾತ್ರ ಅವನ ಕೈಯಲ್ಲಿದ್ದ ಮಚ್ಚಿನ ಮೇಲೆ ನಿಂತಿತು. ಅಗಲವಾದ ಅಲಗು. ಹಿಡಿಯ ಹತ್ತಿರ ಒಂದು ಸಣ್ಣ ತೂತು. ಏಳು ವರ್ಷ ಅಣ್ಣ ಹುಡುಕಿದ ಎಣ್ಣೆ ತೂತು.

“ಬಾರ್ ಅಲ್ವೇನೋ ಅದು?”

“ಹೌದು ಕಣೋ.”

“ಯಾವಾಗ ಹೊಡೆಸಿದೆ?”

“ನಾಲ್ಕು ವರ್ಷ ಆಯ್ತು. ಕಮ್ಮಾರನಿಗೆ ಕೊಟ್ಟೆ.”

“ಯಾಕೋ?”

ಉದ್ದಣ್ಣ ನನ್ನ ಕಡೆ ನೋಡಿದ. ಒಂದೇ ಸಲ. ಅಣ್ಣ ಹಾಗೆ ಹೇಳಿರಲಿಲ್ಲ ಎಂಬುದು ಅವನಿಗೆ ಆಗಲೇ ತಿಳಿದುಹೋಯಿತು, ಅದು ನನಗೂ ತಿಳಿಯಿತು. ನಾನು ಹಿತ್ತಲ ಬೇಲಿ ನೋಡುತ್ತ ನಿಂತೆ.

“ಸುಮ್ನೆ ಬಿದ್ದಿತ್ತಲ್ಲ, ಇರ್ಲಿ ಅಂತ,” ಎಂದ ಉದ್ದಣ್ಣ.

ಅಣ್ಣ ಮಚ್ಚಿನಿಂದ ಕಣ್ಣು ತೆಗೆದ. ಹೇಳಬೇಕೆಂದು ತಂದ ಮಾತನ್ನು ಹೇಳಲಿಲ್ಲ. ಉದ್ದಣ್ಣನ ಹೆಂಡತಿ ನೀರು ತಂದರು, ಕುಡಿಯಲಿಲ್ಲ. “ಬರ್ತೀವಿ,” ಎಂದು ತಿರುಗಿದ.

ವಾಪಸು ಬರುವಾಗ ಎಲ್ಲಿಯೂ ನಿಲ್ಲದೆ ಒಂದೇ ಸಮ ನಡೆದ. ಮನೆಯ ಬಾಗಿಲು ಬಂದ ಮೇಲೆ ಚಿಲಕದ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗದೆ ಹೇಳಿದ: “ನೀನು ಮೊದಲಿಂದ ಹೇಳ್ತಿದ್ದೆ ಕಣೇ. ಅವನಿಗೆ ಅದು ಬರೀ ಕಬ್ಬಿಣ. ನೀನು ಹೇಳಿದ್ದೇ ಸರಿ.”

“ಹೂಂ,” ಎಂದೆ ನಾನು.