ಖಾಲಿ ಫ್ಲಾಸ್ಕಿನ ಊಟ

೧೯೯೩ರಲ್ಲಿ, ಏಳನೆಯ ಕ್ಲಾಸಿಗೆ ನಾನು ಶಾಲೆ ಬಿಟ್ಟೆ. ಉಡುಪಿಯಿಂದ ಮುಂಬಯಿಗೆ ಬಂದು ಹೋಟೆಲಿನಲ್ಲಿ ಬಡಿಸಿದೆ. ಈಗ ವಿಕ್ರೋಳಿಯ ಒಂದು ಲ್ಯಾಬಿನಲ್ಲಿ ಪ್ರಾಣಿಗಳ ಜೀವಕೋಶಗಳಿಗೆ ಬಡಿಸುತ್ತೇನೆ. ಎರಡನ್ನೂ ಚೊಕ್ಕವಾಗಿ ಮಾಡಿದ್ದೇನೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಸತ್ತವರು ಬಂದು ಉಣ್ಣುತ್ತಾರೆ ಎಂಬುದನ್ನು ಮಾತ್ರ ನಾನು ನಂಬಿದವನಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಜೀವಕೋಶಗಳ ಊಟ ಒಂದು ಕೆಂಪು ದ್ರವ, ಮೀಡಿಯಂ ಎನ್ನುತ್ತಾರೆ. ಅದರಲ್ಲಿರುವ ಅಮೈನೋ ಆಮ್ಲಗಳನ್ನು ತಿಂದು ಅವು ಬೆಳೆಯುತ್ತವೆ. ಯಾವುದನ್ನು ಎಷ್ಟು ತಿಂದವೆಂದು ಆಮೇಲೆ ಮೆಷಿನ್ ಹೇಳುತ್ತದೆ. ಹೋಲಿಸಿ ನೋಡಲು, ಮೀಡಿಯಂ ಮಾತ್ರ ಹಾಕಿ ಜೀವಕೋಶ ಹಾಕದ ಒಂದು ಫ್ಲಾಸ್ಕನ್ನೂ ಜೊತೆಗಿಡುತ್ತೇವೆ. ನಮ್ಮ ಬಾಯಲ್ಲಿ ಅದು ಖಾಲಿ ಫ್ಲಾಸ್ಕ್. ಅದರ ಊಟ ಹಾಗೆಯೇ ಉಳಿಯಬೇಕು.

ಅಮ್ಮ ತೀರಿಹೋಗಿ ವರ್ಷ ತುಂಬಿದ ದಿನ ಊರಿಗೆ ಹೋಗಲು ನನಗೆ ರಜೆ ಸಿಗಲಿಲ್ಲ. ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು.

"ಅಮ್ಮ ಕಾಯುವುದು ನಿನ್ನ ಕೈ ಊಟಕ್ಕೆ ಮಾರಾಯ. ಅಲ್ಲೇ ಒಂದು ಎಲೆ ಹಾಕಿ ಬಡಿಸಿ, ಬಾಗಿಲು ಹಾಕಿ ಹೊರಗೆ ನಿಲ್ಲು. ಅಷ್ಟೂ ಆಗುದಿಲ್ವಾ ನಿನಗೆ?"

"ಲೋಕಲ್ ಟ್ರೈನ್ ತಪ್ತದೆ ಅಕ್ಕ, ಫೋನ್ ಇಡ್ತೇನೆ," ಎಂದೆ.

ಲ್ಯಾಬಿನಲ್ಲಿ ಖಾಲಿ ಫ್ಲಾಸ್ಕಿಗೆ ಮೀಡಿಯಂ ಹಾಕುವಾಗ, 'ಅಮ್ಮ, ಇಲ್ಲಿರುವುದು ಇಷ್ಟೇ' ಎಂದುಕೊಂಡೆ. ಬೆಚ್ಚಗಿನ ಇನ್‌ಕ್ಯುಬೇಟರಿನೊಳಗೆ ಅದನ್ನಿಟ್ಟು ಬಾಗಿಲು ಹಾಕಿದೆ.

ಕೆಲವು ದಿನ ಕಳೆದು, ಪ್ರಯೋಗ ನಡೆಸುವ ಮೇಡಂ ಕರೆದರು. ಮುಂಬಯಿಯ ಸಯನ್‌ನಲ್ಲೇ ಹುಟ್ಟಿ ಬೆಳೆದ ಕನ್ನಡದವರು. ಲ್ಯಾಬಿನಲ್ಲಿ ನನ್ನ ಹತ್ತಿರ ಮಾತ್ರ ಕನ್ನಡ ಮಾತಾಡುತ್ತಾರೆ.

"ಶೆಟ್ರೇ, ಖಾಲಿ ಫ್ಲಾಸ್ಕ್‌ದು ಅಮೈನೋ ಆಸಿಡ್ಸ್ ಎಲ್ಲ ಖತಮ್! ಫ್ಲಾಸ್ಕ್ ಅದಲಿಬದಲಿ ಮಾಡಿದ್ರಾ? ಸಚ್ ಬೋಲೋ, ನಿಜ ಹೇಳಿ."

"ಒಂದು ಟೇಬಲಿನ ದೋಸೆ ಇನ್ನೊಂದಕ್ಕೆ ಕೊಟ್ಟವನಲ್ಲ ಮೇಡಂ ನಾನು."

ಬಾಯಿ ಹಾಗೆಂದರೂ, ಆ ದಿನ ಇಟ್ಟ ಫ್ಲಾಸ್ಕುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಎಣಿಸಿದೆ. ಅದಲುಬದಲಾಗಿದ್ದರೆ ಅವರ ತಿಂಗಳುಗಟ್ಟಲೆ ಶ್ರಮ ವ್ಯರ್ಥ, ನನ್ನ ಕೆಲಸವೂ ಹೋದಂತೆ. ಅವರು ಆ ಫ್ಲಾಸ್ಕನ್ನು ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದರು. ಒಂದೇ ಒಂದು ಜೀವಕೋಶವಿರಲಿಲ್ಲ. ಬ್ಯಾಕ್ಟೀರಿಯಾ ಸೇರಿದ್ದರೆ ದ್ರವ ಕದಡಬೇಕಿತ್ತು, ತಿಳಿಯಾಗಿತ್ತು. ಮೆಷಿನ್ನನ್ನು ಮತ್ತೆ ಓಡಿಸಿದರು. ಅದೇ ಉತ್ತರ.

"ಸಾರಿ ಶೆಟ್ರೇ, ನಿಮ್ದು ಮಿಸ್ಟೇಕ್ ಇಲ್ಲ. ಆದ್ರೆ ತಿಂದಿದ್ದು ಯಾರು?"

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಎದೆ ಹಗುರವಾಗಿತ್ತು. ಕೆಲಸ ಉಳಿಯಿತೆಂದೋ, ಬೇರೆ ಯಾವುದಕ್ಕೋ, ನನಗೇ ತಿಳಿಯಲಿಲ್ಲ. ಅಕ್ಕನಿಗೆ ಫೋನ್ ಮಾಡಿ, "ಬಡಿಸಿದ್ದೇನೆ" ಎಂದಷ್ಟೇ ಹೇಳಿದೆ.

ಮೇಡಂ ಪ್ರಯೋಗವನ್ನು ಮತ್ತೆ ಮಾಡಿದರು. ಆ ಸಲ ಖಾಲಿ ಫ್ಲಾಸ್ಕಿನ ಊಟವನ್ನು ಯಾರೂ ಮುಟ್ಟಿರಲಿಲ್ಲ. ಕಾರಣ ಅವರಿಗೂ ಗೊತ್ತಾಗಲಿಲ್ಲ, ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ನನಗಿರುವುದು ಬೊರಿವಲಿಯಲ್ಲಿ ಒಂದು ಕೋಣೆಯ ಸ್ವಂತ ಖೋಲಿ, ಹೆಂಡತಿ, ಇಬ್ಬರು ಮಕ್ಕಳು, ಅದೇ ಕೆಲಸ. ಅಮ್ಮನಿಗೆ ಬಡಿಸದೆ ಬಿಟ್ಟ ವರ್ಷ, ಒಂದೂ ಇಲ್ಲ.