ಗಾಳಿಯಾಗುವ ಸರದಿ

ನಾನು ಓದು ಬಿಟ್ಟದ್ದು ೧೯೯೬ರಲ್ಲಿ, ಏಳನೇ ಇಯತ್ತೆಯ ನಡುವೆ. ಅದರ ಹಿಂದಿನ ದಿನ ಸವಡಿಯ ಸಾಲೆಯ ಅಂಗಳದಲ್ಲಿ ಮಾಸ್ತರರು ಸುಣ್ಣದಿಂದ ಚೌಕ ಗೆರೆ ಎಳೆದು, ಅದರೊಳಗೆ ನಮ್ಮನ್ನೆಲ್ಲ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿದರು.

"ನೀವೆಲ್ಲಾ ಈಗ ಕಲ್ಲಿನೊಳಗಿನ ಕಣ. ನಿಂತಲ್ಲೇ ನಡುಗ್ರಿ, ಜಾಗಾ ಬಿಡಬ್ಯಾಡ್ರಿ," ಎಂದರು.

ಆಮೇಲೆ ನೀರಾದೆವು, ಒಬ್ಬರನ್ನೊಬ್ಬರು ಸವರಿಕೊಂಡು ಚೌಕದೊಳಗೇ ಸುತ್ತಿದೆವು. ಅಷ್ಟರಲ್ಲಿ ಗಂಟೆ ಹೊಡೆಯಿತು.

"ನಾಳೆ ಗಾಳಿ ಆಗೂಣು. ಗೆರಿ ದಾಟಿ ಬೇಕಾದಲ್ಲಿ ಓಡೀರಂತ," ಎಂದರು ಮಾಸ್ತರರು.

ಮರುದಿನ ಬೆಳಿಗ್ಗೆ ಅಪ್ಪ ನನ್ನನ್ನು ಗಜೇಂದ್ರಗಡಕ್ಕೆ ಕರೆದೊಯ್ದು, ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯ ಗೊಂಬೆ ಮಾಡುವವರಲ್ಲಿ ಕೆಲಸಕ್ಕೆ ಹಚ್ಚಿದ. ಕುದಿಯುವ ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಸುರಿಯುವಾಗೆಲ್ಲ ಗೆಳೆಯರು ಗೆರೆ ದಾಟಿ ಓಡುತ್ತಿರುವುದೇ ಕಣ್ಮುಂದೆ ಬರುತ್ತಿತ್ತು. ಪಾಕ ಆನೆಯಾಗಿ, ಗೋಪುರವಾಗಿ ಗಟ್ಟಿಯಾಗುತ್ತಿತ್ತು. ಆವಿ ಮಾತ್ರ ಹೆಂಚಿನ ಸಂದಿಯಿಂದ ಹೊರಟುಹೋಗುತ್ತಿತ್ತು.

ಮೊನ್ನೆ ಮಗಳು ಕಲ್ಲು, ನೀರು, ಗಾಳಿಯ ಕಣಗಳ ಅದೇ ಪಾಠ ಓದುತ್ತಿದ್ದಳು.

"ನೀವೆಲ್ಲಾ ಗಾಳಿ ಆಗಿ ಓಡಿದ್ರೇನವಾ?" ಎಂದು ಕೇಳಿದೆ.

"ಇಲ್ಲಪಾ, ಸರ್ ಬೋರ್ಡಿನ ಮ್ಯಾಲೆ ಚುಕ್ಕಿ ಇಟ್ಟು ತೋರಿಸಿದ್ರು."

"ಹಂಗಾರ ನಡಿ, ಅಂಗಳದಾಗ ನಾವೇ ಓಡೂಣು."

"ಈ ಹೊಟ್ಟಿ ತಗೊಂಡೇನು? ನೀ ಗಾಳಿ ಆಗೂದು ಆಗಲಾರದ ಮಾತು, ಸುಮ್ನ ಕಲ್ಲಾಗೇ ಇರು!"

ನಾನೂ ನಕ್ಕೆ. ಆದರೂ ಹನ್ನೆರಡರ ವಯಸ್ಸಿನ ಆ ಓಟ ಇಂದಿಗೂ ಬೇಕೆನಿಸುತ್ತದೆ. ಅದನ್ನು ದುಡಿದು ಪಡೆಯಲು ಬರುವುದಿಲ್ಲ. ದುಡಿದು ಪಡೆದದ್ದು ಇಷ್ಟು: ರೋಣದಲ್ಲಿ ಸ್ವಂತ ಅಂಗಡಿ ಒಂದು, ಒಲೆ ಮೂರು, ಅಚ್ಚು ಐವತ್ತು, ಓದುತ್ತಿರುವ ಹೆಣ್ಣುಮಕ್ಕಳು ಇಬ್ಬರು.