ನಾನು ಹಾಕಿದ ನಾಲ್ಕು ರೆಸಿಸ್ಟರ್

ಸ್ಪೀಕರ್ ಪೆಟ್ಟಿಗೆಯ ಹಿಂಬದಿಯ ಹಲಗೆ ಬಿಚ್ಚಿದಾಗ ಹಳೇ ಹತ್ತಿಯ ಜೊತೆ ಬೆಸುಗೆಯ ರಾಳದ ವಾಸನೆಯೂ ಬಂತು. ಹೋದ ವಾರದ ಮಾತು. ಕಲ್ಯಾಣದುರ್ಗದ ನನ್ನ ರಿಪೇರಿ ಅಂಗಡಿಗೆ ಅದನ್ನು ತಂದವನು, "ಯಾರೋ ಭಜನೆಯವ್ರು ಮಾರಿದ್ರು ಅಕ್ಕಾ, ಮೇಲಿನ ನಾಲ್ಕು ಟ್ವೀಟ್ರೂ ಕೂಗಲ್ಲ" ಎಂದು ಇಟ್ಟುಹೋಗಿದ್ದ. ಹತ್ತಿ ತುಂಬಿದ್ದ ರೀತಿ ನೋಡಿಯೇ ಗೊತ್ತಾಯಿತು, ಅದು ನನ್ನ ಕೈಕೆಲಸ. ನನಗೆ ಕೆಲಸ ಕೊಟ್ಟಿದ್ದ ಅಂಗಡಿಯಣ್ಣನ ನೆನಪು ಬಂತು...

ಮದುವೆಗೆ ಮುಂಚೆ, ಐಟಿಐ ಮುಗಿಸಿ, ಹಿಂದೂಪುರದಲ್ಲಿ ಅವರ ಸೌಂಡ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹೆಣ್ಣುಮಗಳಿಗೆ ಬೆಸುಗೆ ಕಡ್ಡಿ ಕೊಟ್ಟವರು ಆ ಬೀದಿಯಲ್ಲಿ ಅವರೊಬ್ಬರೇ. ಆ ಋಣ ಇಲ್ಲ ಅನ್ನಲಾರೆ.

ತಾಳದಂಥ ಚೂಪು ಸದ್ದು ಹೊರಡಿಸುವ ಸಣ್ಣ ಸ್ಪೀಕರ್, ಪೀಜೋ ಟ್ವೀಟರ್, ಅದನ್ನು ಕಟ್ಟುವುದನ್ನು ಕಲಿಸಿದವರೂ ಅವರೇ. ಅದರೊಳಗೆ ಕಾಯಿಲ್ ಇರುವುದಿಲ್ಲ, ತೆಳ್ಳನೆಯ ಬಿಲ್ಲೆ ಇರುತ್ತದೆ. ಆಂಪ್ಲಿಫೈಯರ್ ಪಾಲಿಗೆ ಅದೊಂದು ಕೆಪಾಸಿಟರ್. ನಾಲ್ಕನ್ನು ಒಟ್ಟಿಗೆ ನೇರವಾಗಿ ಕಟ್ಟಿದರೆ ನಮ್ಮ ಕಿವಿಗೇನೂ ಕೇಳದೆಯೇ ಆಂಪ್ಲಿಫೈಯರ್ ಒಳಗೊಳಗೇ ಕಾದು ಟ್ರಾನ್ಸಿಸ್ಟರ್ ಸುಡುತ್ತದೆ. ಅದಕ್ಕೇ ಒಂದೊಂದು ಟ್ವೀಟರಿನ ತಂತಿಯ ಮಧ್ಯದಲ್ಲೂ ಕರೆಂಟನ್ನು ತಡೆದು ಹಿಡಿಯುವ ಒಂದೊಂದು ರೆಸಿಸ್ಟರ್ ಇರಬೇಕು. "ಎತ್ತಿಗೆ ಮೂಗುದಾರ ಇದ್ದಂಗೆ ಕಣಮ್ಮ, ಇದ್ನ ಯಾವತ್ತೂ ಬುಡ್ಬಾರ್ದು" ಎನ್ನುತ್ತಿದ್ದರು.

ಪರಿಗಿ ಕಡೆಯ ಭಜನೆ ಮಂಡಳಿಯೊಂದು ಪೆಟ್ಟಿಗೆ, ಆಂಪ್ಲಿಫೈಯರ್ ಎರಡನ್ನೂ ಮಾಡಿಕೊಡಲು ಹೇಳಿತ್ತು. ನಾಲ್ಕು ಟ್ವೀಟರಿಗೂ ನಾನೇ ರೆಸಿಸ್ಟರ್ ಹಾಕಿದೆ. ಸಂಜೆ ಹಾಕಿ ಕೇಳಿಸಿದರೆ ಮಂಡಳಿಯ ಹಿರಿಯರು ಮುಖ ಸಿಂಡರಿಸಿದರು. ತಾಳದ ಸದ್ದು ಚುರುಕಾಗಿ ಬರುತ್ತಿಲ್ಲವಂತೆ. ಅಂಗಡಿಯಣ್ಣ, "ಬೆಳಿಗ್ಗೆ ಬರ್ರಿ, ಮಾಡಿಕ್ಕಿರ್ತೀನಿ" ಎಂದರು. ನಾನು ಮನೆಗೆ ಹೋದೆ. ಬೆಳಿಗ್ಗೆ ಬಂದು ಕೇಳಿದರೆ ತಾಳ ಕಿವಿಗೆ ಚುಚ್ಚುತ್ತಿತ್ತು. ಏನು ಮಾಡಿದಿರಿ ಎಂದೆ. ಟ್ರಿಬಲ್ ಗುಂಡಿ ತಿರುಗಿಸಿದೆ ಅಷ್ಟೇ ಎಂದರು.

ಏಕಾದಶಿ ಭಜನೆಯ ನಡುವೆ ಆಂಪ್ಲಿಫೈಯರ್ ಹೊಗೆ ಬಿಟ್ಟಿತು. ಮಾರನೆಯ ದಿನ ಮಂಡಳಿಯವರೆಲ್ಲ ಅಂಗಡಿ ಮುಂದೆ ನಿಂತರು. ಅಕ್ಕಪಕ್ಕದ ಅಂಗಡಿಯವರೂ ಸೇರಿದರು. ಅಂಗಡಿಯಣ್ಣ ಪೆಟ್ಟಿಗೆಯನ್ನು ಒಳಗೆ ಒಯ್ದು ನೋಡಿ, ಹಲಗೆ ಮುಚ್ಚಿಯೇ ಹೊರಗೆ ತಂದರು. "ಈಯಮ್ಮ ಸಾಲ್ಡ್ರು ಸರ್ಯಾಗಿ ಹಾಕಿಲ್ಲ, ಶಾರ್ಟ್ ಆಗೈತೆ. ನಾನು ಬಿಚ್ಚಿ ನೋಡ್ದೇನೆ ಕೊಟ್ಬುಟ್ಟೆ ನೋಡ್ರಿ, ಅದೇ ನನ್ ತಪ್ಪು."

ಬಿಚ್ಚಿ ತೋರಿಸಿ ಅಣ್ಣ ಎಂದೆ.

"ಪೋನೀಲೇ ಬುಡಮ್ಮ, ಆಗಿದ್ದಾಗೋಯ್ತು."

ಎಷ್ಟು ದೊಡ್ಡ ಮನಸ್ಸು ಎಂದು ಜನ ಅವರನ್ನೇ ಹೊಗಳಿದರು. ಹೆಂಗಸಿನ ಕೈಗೆ ಕರೆಂಟಿನ ಕೆಲಸ ಕೊಟ್ಟರೆ ಇನ್ನೇನಾಗುತ್ತದೆ ಎಂದು ಯಾರೋ ಅಂದರು. ಅಂಗಡಿಯಣ್ಣ ಪೆಟ್ಟಿಗೆ ಎತ್ತಿ ಒಳಗಿಟ್ಟರು. ತಿಂಗಳು ತುಂಬುವ ಮೊದಲೇ ನಾನು ಕೆಲಸ ಬಿಟ್ಟೆ. ಅವರನ್ನು ಅನುಮಾನಿಸಲಿಲ್ಲ, ಅದೇ ಹೊಟ್ಟೆ ಉರಿಯುವ ಮಾತು. ನನ್ನ ಕೈಯನ್ನೇ ಅನುಮಾನಿಸಿದೆ. ಮದುವೆಯಾಗಿ ಈ ಊರಿಗೆ ಬಂದು ಅಂಗಡಿ ಇಟ್ಟ ಮೇಲೂ ಒಂದೊಂದು ಬೆಸುಗೆಯನ್ನೂ ಮೂರು ಸಲ ಎಳೆದು ನೋಡುತ್ತಿದ್ದೆ...

ಹೋದ ವಾರ ಹತ್ತಿ ಸರಿಸಿ ನೋಡಿದೆ. ನನ್ನ ನಾಲ್ಕು ರೆಸಿಸ್ಟರೂ ಇದ್ದಲ್ಲೇ ಇವೆ, ಬೆಸುಗೆ ಇನ್ನೂ ಹೊಳೆಯುತ್ತಿದೆ. ಆದರೆ ಪ್ರತಿಯೊಂದರ ಈ ಕಾಲಿನಿಂದ ಆ ಕಾಲಿಗೆ ಒಂದು ತುಂಡು ತಾಮ್ರದ ತಂತಿ. ಕರೆಂಟು ರೆಸಿಸ್ಟರನ್ನು ಮುಟ್ಟದೆ ತಂತಿಯಲ್ಲೇ ಹರಿಯುವಂತೆ ಮಾಡಿದ್ದಾರೆ. ತುದಿಯಲ್ಲಿ ಒಂದು ಸುತ್ತು ಹೆಚ್ಚಿಗೆ ಸುತ್ತುವುದು ಅಂಗಡಿಯಣ್ಣನ ಅಭ್ಯಾಸ, ಅದೂ ಇತ್ತು. ತಾಳ ಚುರುಕಾದದ್ದೂ ಆಂಪ್ಲಿಫೈಯರ್ ಸುಟ್ಟದ್ದೂ ಇದರಿಂದಲೇ. ಸುಟ್ಟ ಮೇಲೆ, ಇನ್ನೊಂದು ಆಂಪ್ಲಿಫೈಯರ್ ಸುಡದಿರಲೆಂದು, ಟ್ವೀಟರುಗಳ ತಂತಿಯನ್ನೇ ಕತ್ತರಿಸಿ ಬಾಯಿ ಮುಚ್ಚಿಸಿದ್ದಾರೆ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತ್ತು.

ಕೇಳಿಯೇ ಬಿಡಬೇಕೆಂದು ಹಿಂದೂಪುರಕ್ಕೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿಕೊಂಡರು.

"ಅವ್ರು ಹೋಗಿ ಎರಡ್ವರ್ಷ ಆಯ್ತು ಕಣಮ್ಮ. ನಿನ್ನ ನೆನೆಸ್ಕಂತಿದ್ರು. ಆಯಮ್ಮನಂಗೆ ಸಾಲ್ಡ್ರು ಹಾಕೋರು ಇನ್ನೊಬ್ರು ಸಿಗ್ಲಿಲ್ಲ ಅಂತಿದ್ರು."

ಅಳು ಬಂತು. ಸಿಟ್ಟಿಗೋ ದುಃಖಕ್ಕೋ ಗೊತ್ತಾಗಲಿಲ್ಲ. ತಾಮ್ರದ ತಂತಿಯ ವಿಷಯ ಅವರ ಹೆಂಡತಿಗೆ ಹೇಳದೆ ಫೋನ್ ಇಟ್ಟೆ. ಆ ಮಾತನ್ನು ಅವರು ಮನೆಯೊಳಗೆ ಹೆಂಡತಿಗೆ ಹೇಳಿಕೊಂಡರು, ಅಂಗಡಿ ಮುಂದೆ ನಿಂತಿದ್ದ ಜನಕ್ಕೆ ಹೇಳಲಿಲ್ಲ. ಆ ಜನರ ಪಾಲಿಗೆ ಮಂಡಳಿಯ ಸೆಟ್ ಸುಟ್ಟವಳು ಇವತ್ತಿಗೂ ನಾನೇ.